ಶೇವಂತಿಯ ಗಂಟಲು ಮತ್ತು ಸಮಾಜಶಾಸ್ತ್ರದ ಕೊನೆಯ ಪೇಪರು

ಶೇವಂತಿ ಯಾರದಾದರೂ ಕಿವಿಯಲ್ಲಿ ಗುಟ್ಟು ಹೇಳಿದರೆ ಅದು ಬನಹಟ್ಟಿಯ ಆ ಓಣಿಯ ಕೊನೆಯ ಮನೆಗೂ ಮುಟ್ಟುತ್ತದೆ. ಹಾಗೆಂದು ಆಕೆಗೆ ಬಾಯಿ ದೊಡ್ಡದು ಎನ್ನಬಾರದು, ದೊಡ್ಡದು ಗಂಟಲು. ಅದೂ ಹುಟ್ಟಿನಿಂದ ಬಂದದ್ದಲ್ಲ, ಮದುವೆಯಿಂದ ಬಂದದ್ದು. ಬೇರೆ ಹೆಣ್ಣುಮಕ್ಕಳಿಗೆ ಗಂಡನ ಮನೆಯವರು ಬಂಗಾರ ಹಾಕಿದರೆ ಶೇವಂತಿಗೆ ಗಂಟಲು ಹಾಕಿದರು.

ಆಕೆಯ ತವರು ಬೀಳಗಿ. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ಅಡುಗೆಮನೆಯಲ್ಲಿದ್ದವರೂ ನೆಲ ತಟ್ಟಿ ಕೃಷ್ಣ ಕೃಷ್ಣ ಎನ್ನುವಷ್ಟು ಸದ್ದಿಲ್ಲದ ಮನೆ ಅದು. ಜಮಖಂಡಿಯಲ್ಲಿ ಬಿ.ಎ. ಓದುವಾಗ ಈಕೆ "ಪ್ರೆಸೆಂಟ್ ಸರ್" ಎಂದದ್ದು ಕೇಳಿಸದೆ ಎಷ್ಟೋ ಸಲ ಗೈರುಹಾಜರಿ ಬಿದ್ದಿತ್ತಂತೆ. ಈಗ ಹೇಳಿದರೆ ಯಾರೂ ನಂಬುವುದಿಲ್ಲ. ಕೊನೆಯ ವರ್ಷದ ಪರೀಕ್ಷೆ ನಡೆದಿರುವಾಗಲೇ ಮದುವೆ ಗೊತ್ತಾಯಿತು. ಹಿರಿಯರು ಪಂಚಾಂಗ ತಿರುವಿದರು, ರಾಹುಕಾಲ ನೋಡಿದರು, ಗೋತ್ರ ನೋಡಿದರು, ಅಡುಗೆಯವನಿಗೆ ಬಿಡುವಿದೆಯೋ ಇಲ್ಲವೋ ಅದನ್ನೂ ನೋಡಿದರು. ಪರೀಕ್ಷೆಯ ಟೈಮ್‌ಟೇಬಲ್ ಮಾತ್ರ ಯಾರೂ ನೋಡಲಿಲ್ಲ. ಸಮಾಜಶಾಸ್ತ್ರದ ಕೊನೆಯ ಪೇಪರಿನ ಪ್ರಶ್ನಪತ್ರಿಕೆ ಹಂಚುವ ಹೊತ್ತಿಗೆ ಸರಿಯಾಗಿ ಶೇವಂತಿಯ ತಲೆಯ ಮೇಲೆ ಅಕ್ಷತೆ ಬಿತ್ತು.

"ಪರೀಕ್ಷಾ ಮುಂದಿನ ವರ್ಷಾನೂ ಬರ್ತಾವು. ಇಂಥಾ ಮುಹೂರ್ತ ಬರೂದಿಲ್ಲ" ಎಂದಿದ್ದ ಆಕೆಯ ಸೋದರಮಾವ.

ಖರೆ ಮಾತು. ಪರೀಕ್ಷೆ ಮುಂದಿನ ವರ್ಷವೂ ಬಂತು, ಅದರ ಮುಂದಿನ ವರ್ಷವೂ ಬಂತು. ಪಾಪ, ಅದು ತಪ್ಪದೆ ಬಂದು ಕಾದು ಹೋಯಿತು. ಶೇವಂತಿ ಮಾತ್ರ ಒಂದು ವರ್ಷ ಬಸುರಿ, ಒಂದು ವರ್ಷ ಬಾಣಂತಿ, ಇನ್ನೊಂದು ವರ್ಷ ಅತ್ತೆಯ ಮೊಣಕಾಲು ನೋವು. ಆಮೇಲೆ ಅದು ಪೇಪರಲ್ಲ, ತವರಿನಲ್ಲಿ ಮರೆತುಬಂದ ಒಂದು ಪಾತ್ರೆ ಎನ್ನುವ ಹಾಗೆ ಆಯಿತು.

ಗಂಡ ವೀರಣ್ಣನ ಮನೆಯಲ್ಲಿ ಅಡುಗೆಮನೆಗೂ ವಿದ್ಯುತ್ ಮಗ್ಗಗಳಿಗೂ ನಡುವೆ ಒಂದೇ ಗೋಡೆ. ಆ ಗೋಡೆಯ ಬಾಗಿಲಿಗೂ ಕದವಿಲ್ಲ. ಕರೆಂಟು ಇರುವಷ್ಟು ಹೊತ್ತು ಮಗ್ಗ ಖಟ್‌ಪಟ್ ಖಟ್‌ಪಟ್ ಎಂದು ಬಡಿಯುತ್ತಲೇ ಇರುತ್ತದೆ. ಹೊಸ ಸೊಸೆ ಬಂದ ಹೊಸತರಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಅತ್ತೆಯನ್ನು ಕೇಳಿ ಕೇಳಿ ಧ್ವನಿಯನ್ನೇ ಕಳೆದುಕೊಂಡಳು. ಆಮೇಲೆ ಬಂದ ಧ್ವನಿ ಇದೆಯಲ್ಲ, ಅದು ಮತ್ತೆ ಹೋಗಲೇ ಇಲ್ಲ. ಕಿವಿ ಮಾತ್ರ ಅರ್ಧ ಮಗ್ಗಕ್ಕೇ ಹೋಯಿತು. ಅದೇನು ಆ ಓಣಿಯಲ್ಲಿ ದೊಡ್ಡ ವಿಷಯವಲ್ಲ. ಅಲ್ಲಿ ಎಲ್ಲರೂ ಕೂಗುತ್ತಾರೆ, ಯಾರಿಗೂ ಕೇಳಿಸುವುದಿಲ್ಲ, ಸಂಸಾರಗಳು ಸುಖವಾಗಿವೆ.

ಇರಲಿ. ಶೇವಂತಿ ಅಂಗನವಾಡಿ ಕಾರ್ಯಕರ್ತೆ. ಆಕೆಯ ಕೈಯಲ್ಲಿ ಕಲಿತ ಕೂಸುಗಳು ಮುಂದೆ ಸಾಲಿಗೆ ಹೋಗಿ "ಅ ಆ" ಎಂದರೆ ಮಾಸ್ತರರು ಬೆಚ್ಚಿಬೀಳುತ್ತಾರೆ. ವರ್ಷಗಟ್ಟಲೆ ಉಪ್ಪಿಟ್ಟು ಕಲಸಿ, ತೂಕ ಬರೆದು, ಮೂಗು ಒರೆಸಿ ಸವೆದ ಮೇಲೆ ಆಕೆಗೆ ಗೊತ್ತಾದದ್ದೇನೆಂದರೆ, ಮೇಲ್ವಿಚಾರಕಿ ಆಗಲು ಇದೆಲ್ಲ ಬೇಕಿಲ್ಲ, ಡಿಗ್ರಿ ಬೇಕು. ಡಿಗ್ರಿ ಇದ್ದ ಒಬ್ಬ ಎಳೆಯ ಹುಡುಗಿ ಮೇಲ್ವಿಚಾರಕಿಯಾಗಿ ಬಂದು, ಕೂಸನ್ನು ಹೇಗೆ ಎತ್ತಿಕೊಳ್ಳಬೇಕೆಂದು ಶೇವಂತಿಗೆ ಹೇಳಿಕೊಟ್ಟು ಹೋದ ದಿನ ಆಕೆ ರೊಟ್ಟಿ ಬಡಿದ ಸಪ್ಪಳಕ್ಕೆ ಮಗ್ಗವೇ ಕೇಳಿಸಲಿಲ್ಲ.

ಆಗಲೇ ಮಗಳು ಅನುರಾಧಾ ಮೊಬೈಲ್ ಹಿಡಿದುಕೊಂಡು ಓಡಿಬಂದಳು. ಹಳೆಯ ಪದ್ಧತಿಯಲ್ಲಿ ಓದಿ ವಿಷಯ ಉಳಿಸಿಕೊಂಡವರಿಗೆ ವಿಶ್ವವಿದ್ಯಾಲಯ ಅಂತಿಮ ಅವಕಾಶ ಕೊಟ್ಟಿದೆ. ಇದರಲ್ಲೂ ಪಾಸಾಗದಿದ್ದರೆ ಹಿಂದೆ ಪಾಸಾದದ್ದೂ ರದ್ದು.

"ಅವ್ವಾ, ಒಂದs ಪೇಪರ್. ಕಟ್ಟಿಬಿಡು. ಇದೊಂದು ಹೋತಂದ್ರ ಉಳಿದದ್ದೆಲ್ಲಾ ಹೋತು ನೋಡ ಮತ್ತ" ಎಂದಳು ಅನು.

ವೀರಣ್ಣ ಲಾಳಿಗೆ ನೂಲಿನ ಕಂಡಿಕೆ ಹಾಕುತ್ತಿದ್ದವನು ತಲೆ ಎತ್ತಿದ. "ಬಿ.ಎ. ಪಾಸಾದ್ರ ಹರದ ಎಳಿ ತಾವs ಕೂಡತಾವೇನ?"

"ಇಲ್ರಿ. ಆದ್ರ ನಾ ಮೇಲ್ವಿಚಾರಕಿ ಆಗಿ ಜೀಪಿನ್ಯಾಗ ತೇರದಾಳಕ್ಕ ಹೋಗಿರತೇನಿ. ಎಳಿ ನೀವs ಕೂಡಿಸಿಕೋತೀರಿ" ಎಂದಳು ಶೇವಂತಿ.

ವೀರಣ್ಣ ಮರುದಿನವೇ ಬೈಕಿನ ಮೇಲೆ ಜಮಖಂಡಿಗೆ ಕರೆದುಕೊಂಡು ಹೋಗಿ ಫೀ ಕಟ್ಟಿಸಿ ಬಂದ. ಕೊಂಕು ಎಷ್ಟಿದ್ದರೂ ಮನುಷ್ಯ ಕೆಟ್ಟವನಲ್ಲ.

ಸಮಾಜಶಾಸ್ತ್ರದಲ್ಲಿ ಉತ್ತರ ಎಂದರೆ ಪ್ರಬಂಧ. ಪೀಠಿಕೆ, ಅರ್ಥ, ವ್ಯಾಖ್ಯೆ, ಲಕ್ಷಣ, ಅನುಕೂಲ, ಅನಾನುಕೂಲ, ಉಪಸಂಹಾರ. ಪುಟಗಟ್ಟಲೆ ಬರೆಯಬೇಕು. ಒಂದು ಸಾಲಿನಲ್ಲಿ ಹೇಳಬಹುದಾದ್ದನ್ನು ಒಂದೇ ಸಾಲಿನಲ್ಲಿ ಹೇಳಿದರೆ ಅದು ವಿದ್ಯೆಯಲ್ಲ. ಅನುರಾಧಾ ಗೈಡು ತಂದುಕೊಟ್ಟಳು, ಬರುವಂಥ ಪ್ರಶ್ನೆಗಳಿಗೆ ನಕ್ಷತ್ರ ಹಾಕಿಕೊಟ್ಟಳು. ಅತಿ ದೊಡ್ಡ ನಕ್ಷತ್ರ "ಅವಿಭಕ್ತ ಕುಟುಂಬದ ಲಕ್ಷಣಗಳು ಮತ್ತು ಅದರ ವಿಘಟನೆಗೆ ಕಾರಣಗಳು" ಎಂಬುದಕ್ಕೆ ಬಿತ್ತು.

ಓದುವುದು ಎಲ್ಲಿ? ಬೇರೆ ಎಲ್ಲಿ ಸಾಧ್ಯ, ಮಗ್ಗದ ಹತ್ತಿರವೇ. ಮುಂಜಾನೆ ಅಂಗನವಾಡಿಗೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ ಒಂದು ಮಗ್ಗ ನೋಡಿಕೊಳ್ಳುವುದು ಆಕೆಯ ಪಾಲಿನ ಕೆಲಸ. ಗೈಡನ್ನು ಮಗ್ಗದ ಚೌಕಟ್ಟಿಗೆ ಸಿಕ್ಕಿಸಿ, ಎಳೆಗಳ ಮೇಲೆ ಒಂದು ಕಣ್ಣು, ಅವಿಭಕ್ತ ಕುಟುಂಬದ ಮೇಲೆ ಒಂದು ಕಣ್ಣು ಇಟ್ಟು, ಗಂಟಲು ತೆರೆದು ಬಾಯಿಪಾಠ ಶುರುಮಾಡಿದಳು. ಖಟ್‌ಪಟ್‌ಗೆ ಒಂದು ಪದ, ಖಟ್‌ಪಟ್‌ಗೆ ಒಂದು ಪದ. ಕಾಲು ತಾನೇ ತಾಳ ಹಾಕುತ್ತಿತ್ತು.

"ಅವಿಭಕ್ತ ಕುಟುಂಬದಲ್ಲಿ ಸದಸ್ಯರು ಒಂದೇ ಸೂರಿನಡಿಯಲ್ಲಿ ವಾಸಿಸಿ, ಒಂದೇ ಒಲೆಯಲ್ಲಿ ಬೇಯಿಸಿದ ಆಹಾರವನ್ನು ಸೇವಿಸುತ್ತಾರೆ. ಅತ್ತೀ, ಹಾಲ ಉಕ್ಕಾಕತ್ತಾವ ನೋಡ್ರೀ! ಅವರಲ್ಲಿ ಪರಸ್ಪರ ಸಹಕಾರ ಮನೋಭಾವವಿರುತ್ತದೆ."

ಅತ್ತೆ ರುಕ್ಮವ್ವ ಮೂಲೆಯಲ್ಲಿ ಕಂಡಿಕೆ ಸುತ್ತುತ್ತ ಕೂತಿರುತ್ತಾಳೆ. ಆ ಮುದುಕಿಯ ಕಿವಿಯ ಬಗ್ಗೆಯೇ ಒಂದು ಪ್ರಬಂಧ ಬರೆಯಬಹುದು. ಗುಳಿಗೆ ತೆಗೆದುಕೊಳ್ಳಿ ಎಂದರೆ ಕೇಳಿಸುವುದಿಲ್ಲ, ಬಾಗಿಲಲ್ಲಿ ಯಾರೋ ಬಂದರು ಎಂದರೆ ಕೇಳಿಸುವುದಿಲ್ಲ, ಹಾಲು ಉಕ್ಕಿತು ಎಂದರೆ ಒಲೆ ಆರಿದ ಮೇಲೆ ಕೇಳಿಸುತ್ತದೆ. ಆದರೆ ಶೇವಂತಿ ವಿಘಟನೆಯ ಕಾರಣಗಳಿಗೆ ಬಂದು "ಅತ್ತೆ–ಸೊಸೆಯರ ಕಲಹವೂ ಒಂದು ಪ್ರಮುಖ ಕಾರಣವಾಗಿದೆ" ಎಂದದ್ದು, ಮಗ್ಗಗಳೆಲ್ಲ ಬಡಿಯುತ್ತಿರುವಾಗಲೇ ಆಕೆಗೆ ಅಕ್ಷರ ಅಕ್ಷರ ಕೇಳಿಸಿತು.

"ಏನಂದಿ?"

"ಬುಕ್ಕಿನ್ಯಾಗ ಬರದಾರ್ರೀ ಅತ್ತಿ."

"ಬುಕ್ಕ ಬರದಾಂವಗ ನನ್ನ ಹೆಸರ ಯಾರ ಹೇಳಿದ್ರು?"

"ನಿಮ್ಮ ಹೆಸರಿಲ್ರಿ. ಎಲ್ಲಾ ಅತ್ತೆಂದಿರದೂ ಬರದಾರ."

"ಹಂಗಾರ ಅದನ್ಯಾಕ ಬಾಯಿಪಾಠ ಮಾಡತೀ? ನಾ ಇಲ್ಲೇ ಕುಂತೇನಲ್ಲಾ, ನನ್ನ ನೋಡಿ ಬರಿ!"

ಅಂದಿನಿಂದ ರುಕ್ಮವ್ವ ಆ ಸಾಲು ಬಂದಾಗಲೆಲ್ಲ ಕಂಡಿಕೆ ನಿಲ್ಲಿಸಿ ಸೊಸೆಯ ಮುಖವನ್ನೇ ದಿಟ್ಟಿಸತೊಡಗಿದಳು. ಶೇವಂತಿಯೂ ಆ ಸಾಲನ್ನು ಇತರ ಸಾಲುಗಳಿಗಿಂತ ಸ್ವಲ್ಪ ಹೆಚ್ಚೇ ಅಭ್ಯಾಸ ಮಾಡಿದಳು ಎನ್ನುವವರಿದ್ದಾರೆ. ಪರೀಕ್ಷೆಯ ಭಯ ಯಾರಿಗಿಲ್ಲ.

ಎಳೆ ಹರಿದರೆ ಮಗ್ಗ ನಿಲ್ಲಿಸಬೇಕು, ಇಲ್ಲದಿದ್ದರೆ ಬಟ್ಟೆ ಹಾಳು. ಹಾಗಾಗಿ "ಏನ್ರೀ, ಎಳಿ ಹರದೈತಿ, ಮಗ್ಗ ನಿಂದರಸ್ರೀ!" ಎಂದು ಗಂಡನಿಗೆ ಕೂಗುವುದೂ ಓದಿನ ನಡುವೆಯೇ ಬರುತ್ತಿತ್ತು. ಮೊದಮೊದಲು ಎಳೆ ಹರಿದಾಗ ಮಾತ್ರ ಬರುತ್ತಿತ್ತು. ಓದು ಹದಕ್ಕೆ ಬಂದ ಹಾಗೆ, ಎಳೆ ಹರಿಯಲಿ ಬಿಡಲಿ, "ಔದ್ಯೋಗೀಕರಣದಿಂದ ಕುಟುಂಬದ ಸದಸ್ಯರು ನಗರಗಳಿಗೆ ವಲಸೆ ಹೋದರು" ಎಂದ ಕೂಡಲೇ ಆ ಕೂಗು ತಾನಾಗಿ ಬಂದು ಕೂತುಬಿಟ್ಟಿತು. ಸಹಕಾರ ಮನೋಭಾವದ ಮುಂಚೆ ಹಾಲು ಉಕ್ಕುವುದೂ ಹಾಗೆಯೇ ಕಾಯಂ ಆಯಿತು.

ಒಂದು ದಿನ ಅನುರಾಧಾ ಗೈಡು ಹಿಡಿದು ತಾಯಿಯ ಪಾಠ ಒಪ್ಪಿಸಿಕೊಳ್ಳಲು ಕೂತಳು.

"ಅವ್ವಾ, ತಡಿ ತಡಿ. ಹಾಲ ಉಕ್ಕೂದು ಸಮಾಜಶಾಸ್ತ್ರದಾಗ ಎಲ್ಲೈತಿ?"

"ಅದು ಬಾಯಿಗಷ್ಟs ಬೇ. ಅದನ್ನ ಬಿಟ್ರ ಮುಂದಿಂದು ಬರೂದಿಲ್ಲ ನನಗ."

"ಪೇಪರಿನ್ಯಾಗ ಬರದ್ಗಿರದೀ!"

"ಕೈಗಿ ಗೊತ್ತೈತಿ. ಬಾಯಿ ಅಂತೈತಿ, ಕೈ ಬಿಡ್ತೈತಿ."

ಅನು ಬರೆಸಿಯೂ ನೋಡಿದಳು. ನಿಜವೇ. ಶೇವಂತಿ ಬಾಯಲ್ಲಿ ಹಾಲು ಉಕ್ಕಿಸುತ್ತಿದ್ದಳು, ಎಳೆ ಹರಿಸುತ್ತಿದ್ದಳು, ಆದರೆ ಹಾಳೆಯ ಮೇಲೆ ಶುದ್ಧ ಸಮಾಜಶಾಸ್ತ್ರವೇ ಇಳಿಯುತ್ತಿತ್ತು. ಅಂಗನವಾಡಿಯಲ್ಲಿ ಕೂಸುಗಳನ್ನು ಗದರಿಸುತ್ತ ಗದರಿಸುತ್ತ ಹಾಜರಿ ತುಂಬುವ ಕೈ ಅದು, ಬಾಯಿಯ ಮಾತು ಕೇಳುವ ಚಾಳಿ ಅದಕ್ಕಿಲ್ಲ. "ಆದ್ರ ಮನಸಿನ್ಯಾಗ ಅನಕೋಬೇಕ ಮತ್ತ. ಅಲ್ಲಿ ಒದರಾಕ ಬಿಡೂದಿಲ್ಲ" ಎಂದು ಮಗಳು ಎಚ್ಚರಿಸಿದಳು. "ಮನಸಿನ್ಯಾಗs ಅನಕೊಳ್ಳಾಕತ್ತೇನಲ್ಲ ಈಗ!" ಎಂದು ಶೇವಂತಿ ಕೂಗಿದಳು. ಎದುರು ಮನೆಯವರು ಬಂದು ಏನಾಯಿತೆಂದು ಕೇಳಿಹೋದರು. ಕರೆಂಟು ಹೋಗಿ ಮಗ್ಗ ನಿಂತಿದ್ದದ್ದು ತಾಯಿಯ ಗಮನಕ್ಕೇ ಬಂದಿರಲಿಲ್ಲ.

ಪರೀಕ್ಷೆ ಜಮಖಂಡಿಯಲ್ಲಿ, ಆಕೆ ಓದಿದ ಅದೇ ಕಾಲೇಜಿನಲ್ಲಿ. ಎಲೆ ಕೂಡ ಅಲುಗದ ಮೇ ತಿಂಗಳ ಬಿಸಿಲು. ವೀರಣ್ಣ ಗೇಟಿನ ಹೊರಗೆ ಬೇವಿನ ನೆರಳಲ್ಲಿ ಬೈಕು ನಿಲ್ಲಿಸಿ ಕೂತ. ಶೇವಂತಿಯನ್ನು ರಿಪೀಟರುಗಳ ಹಾಲಿನಲ್ಲಿ ಹಾಕಿದ್ದರು. ಮುಧೋಳ, ಬೀಳಗಿ ಕಡೆಯ ಹುಡುಗರು, ಹೊಲಮನೆಯವರ ಮಕ್ಕಳು, ಸಮಾಜಶಾಸ್ತ್ರವನ್ನು ಬಿಟ್ಟಿರಲಾರದೆ ಪ್ರತಿ ಸಲವೂ ಬಂದು ಭೇಟಿಯಾಗಿ ಹೋಗುವಂಥವರು. ಆಕೆಯ ಹಿಂದಿನ ಬೆಂಚಿನಲ್ಲಿ ಬೀಳಗಿ ಕಡೆಯ ಅಮಿತ ಎಂಬ ಹುಡುಗ, ಪೆನ್ನಿನ ಟೊಪ್ಪಿಗೆಯನ್ನು ಕಚ್ಚುತ್ತ ಮೇಲೆ ಫ್ಯಾನು ನೋಡುತ್ತ ಕೂತಿದ್ದ. ಅವನ ತಯಾರಿ ಅಷ್ಟೇ.

ಪ್ರಶ್ನಪತ್ರಿಕೆ ಬಂತು. ಮೊದಲ ಪ್ರಶ್ನೆಯೇ ಅವಿಭಕ್ತ ಕುಟುಂಬ. ಶೇವಂತಿ ಖುಷಿಯಿಂದ ಪೆನ್ನು ಹಿಡಿದಳು. ಪೆನ್ನು ಹಿಡಿದಳು, ಅಷ್ಟೇ. ಮುಂದೆ ಏನೂ ಇಲ್ಲ. ಹಾಲಿನಲ್ಲಿ ಸದ್ದೇ ಇಲ್ಲ. ಖಟ್ ಇಲ್ಲ, ಪಟ್ ಇಲ್ಲ. ತಲೆಯೊಳಗೆ ಕರೆಂಟು ಹೋದ ಹಾಗಾಯಿತು. ಒಂದೇ ಸೂರು, ಒಂದೇ ಒಲೆ, ಯಾವುದೂ ಬರಲಿಲ್ಲ. ಬಂದದ್ದು ಕಣ್ಣಲ್ಲಿ ನೀರು. ಆ ಎಳೆಯ ಮೇಲ್ವಿಚಾರಕಿ ಮುಂದಿನ ವರ್ಷವೂ ಬಂದು ಕೂಸು ಎತ್ತಿಕೊಳ್ಳುವುದನ್ನು ಕಲಿಸುವ ಚಿತ್ರ ಎದುರು ಬಂತು.

ಆಗ ಕಾಲು ತಾನಾಗಿ ನೆಲಕ್ಕೆ ತಾಳ ಹಾಕಿತು. ಟಪ್, ಟಪ್. ಚಪ್ಪಲಿಯ ಸದ್ದಿಗೆ ಬಾಯಿ ಸಡಿಲಾಯಿತು. ಮನಸ್ಸಿನಲ್ಲೇ ಹೇಳಿಕೊಳ್ಳೋಣ ಎಂದುಕೊಂಡಳು, ಹೇಳಿಕೊಂಡಳು. ಬನಹಟ್ಟಿಯ ಲೆಕ್ಕದಲ್ಲಿ ಅದು ಮನಸ್ಸಿನಲ್ಲೇ. ಜಮಖಂಡಿಯ ಆ ಹಾಲಿನಲ್ಲಿ ಅದು ಕೊನೆಯ ಬೆಂಚಿಗೂ ಸ್ಪಷ್ಟವಾಗಿ ಮುಟ್ಟಿತು.

"ಅವಿಭಕ್ತ ಕುಟುಂಬದಲ್ಲಿ ಸದಸ್ಯರು ಒಂದೇ ಸೂರಿನಡಿಯಲ್ಲಿ ವಾಸಿಸಿ..."

ಹಾಲಿನ ಹುಡುಗರು ಒಂದು ಕ್ಷಣ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲ ತಲೆಗಳೂ ಒಟ್ಟಿಗೆ ಬಾಗಿದವು. ಇಷ್ಟು ವರ್ಷ ಯಾವ ಅಧ್ಯಾಪಕರಿಗೂ ಸಿಗದ ಏಕಾಗ್ರತೆ ಶೇವಂತಿಗೆ ಸಿಕ್ಕಿತು. ಬಿಸಿಲಲ್ಲಿ ಕಾದ ಎತ್ತುಗಳು ನೀರಿಗೆ ಬಾಯಿಟ್ಟ ಹಾಗೆ ಪೆನ್ನುಗಳು ಹಾಳೆಗೆ ಬಾಯಿಟ್ಟವು. ಮೇಲ್ವಿಚಾರಣೆಗೆ ಕೂತಿದ್ದ ಕೇತಕಿ ಮೇಡಂ ಹೊಸಬರು, ಅತಿಥಿ ಉಪನ್ಯಾಸಕಿ. ರಿಪೀಟರುಗಳ ಹಾಲು ಎಂದರೆ ಸಂತೆ ಎಂದು ಹಿರಿಯರು ಹೆದರಿಸಿ ಕಳಿಸಿದ್ದರು. ಇಲ್ಲಿ ನೋಡಿದರೆ ಯಾರೂ ಅತ್ತಿತ್ತ ನೋಡುತ್ತಿಲ್ಲ, ಚೀಟಿ ತೆಗೆಯುತ್ತಿಲ್ಲ, ನೀರು ಕೇಳುತ್ತಿಲ್ಲ. ಯಾರೋ ಒಬ್ಬ ಹೆಂಗಸು ಏನೋ ಸ್ತೋತ್ರ ಹೇಳಿಕೊಳ್ಳುತ್ತಿದ್ದಾಳೆ. "ಸೈಲೆನ್ಸ್" ಎಂದು ಒಂದೆರಡು ಸಲ ಕೂತಲ್ಲಿಂದಲೇ ಅಂದರು. ಶೇವಂತಿಗೆ ಅದು ಕೇಳಿಸಲಿಲ್ಲ. ಕೇಳಿಸಿದ್ದರೂ ಹುಡುಗರಿಗೆ ಹೇಳಿದ್ದು ಎಂದುಕೊಳ್ಳುತ್ತಿದ್ದಳು. ಹಾಲು ಇಷ್ಟು ಶಿಸ್ತಿನಿಂದ ಇರುವುದು ತಮ್ಮ ಗಾಂಭೀರ್ಯದಿಂದಲೇ ಎಂದು ಮೇಡಂ ಸೆರಗು ಸರಿಮಾಡಿಕೊಂಡರು.

"ಕಾಕೂ, ಸ್ವಲ್ಪ ಸಾವಕಾಶ್ರಿ. ಔದ್ಯೋಗೀಕರಣ ಆದ ಮ್ಯಾಲ ಏನಂದ್ರಿ?" ಎಂದ ಹಿಂದಿನಿಂದ ಅಮಿತ, ವಿನಯದಿಂದ. ಅದೂ ಆಕೆಗೆ ಕೇಳಿಸಲಿಲ್ಲ.

ನಕಲು ಹಿಡಿಯುವ ಸ್ಕ್ವಾಡು ಬಂದದ್ದು ಆಗ. ಮುಧೋಳದ ಬೇಟೆನಾಯಿ ಮೂಸಿ ಬೇಟೆಯಾಡುವುದಲ್ಲ, ಕಣ್ಣಿಂದ ನೋಡಿ ಆಡುವುದು. ತಿಮ್ಮಾಪುರದಲ್ಲಿ ಅವುಗಳನ್ನು ಸಾಕುವವರನ್ನು ಕೇಳಿದರೆ ಹೇಳುತ್ತಾರೆ. ಸ್ಕ್ವಾಡಿನವರದ್ದೂ ಅದೇ ಜಾತಿ. ಕಣ್ಣು ಬಹಳ ಚುರುಕು: ಅಂಗೈ, ತೋಳು, ಕಾಲುಚೀಲ, ಲಂಗದ ಅಂಚು ಎಲ್ಲ ನೋಡುತ್ತಾರೆ. ಕಿವಿಗೆ ಮಾತ್ರ ಈವರೆಗೆ ಕೆಲಸ ಬಿದ್ದಿರಲಿಲ್ಲ. ಸ್ಕ್ವಾಡಿನ ಮುಖ್ಯಸ್ಥರಾದ ಅನಂತ ಸರ್ ಬಾಗಿಲಲ್ಲಿ ನಿಂತು ಮೊದಲು ತಮ್ಮ ಕನ್ನಡಕ ಒರೆಸಿಕೊಂಡರು, ಆಮೇಲೆ ಕಿವಿ.

ಶೇವಂತಿ ವಿಘಟನೆಯಲ್ಲಿದ್ದಳು. "ಅತ್ತೆ–ಸೊಸೆಯರ ಕಲಹವೂ ಒಂದು ಪ್ರಮುಖ ಕಾರಣವಾಗಿದೆ" ಎಂದು ಚೆನ್ನಾಗಿ ಅಭ್ಯಾಸವಾದ ಗಂಟಲಲ್ಲಿ ಹೇಳಿ, ಬರೆದು, ತಲೆ ಎತ್ತಿದರೆ ಎದುರಿಗೆ ಅನಂತ ಸರ್.

"ಏನ ನಡದದ ಇಲ್ಲೆ? ಉಕ್ತಲೇಖನ ಏನು?"

"ಮನಸಿನ್ಯಾಗ ಅನಕೊಂಡ ಬರಿಯಾಕತ್ತೇನ್ರಿ ಸರ."

"ಮನಸಿನ್ಯಾಗ? ಗೇಟಿಗೆ ಕೇಳಸ್ಲಿಕ್ಕತ್ತದ, ಬಾಯಾರ!"

ಅದು ಸುಳ್ಳಲ್ಲ. ಗೇಟಿನ ಹೊರಗೆ ವೀರಣ್ಣ, ಪಕ್ಕದಲ್ಲಿ ಕೂತಿದ್ದ ಕಬ್ಬಿನ ಹಾಲಿನವನಿಗೆ "ಕೇಳಿದ್ಯಾ? ನಮ್ಮಕಿ. ಎಲ್ಲಾ ಬಂದಾವ ಆಕೀಗಿ" ಎಂದು ಹೇಳಿ ಇನ್ನೊಂದು ಗ್ಲಾಸು ಕುಡಿದಿದ್ದ.

ಅನಂತ ಸರ್ ಅಮಿತನ ಉತ್ತರಪತ್ರಿಕೆ ಎತ್ತಿಕೊಂಡು ಓದಿದರು. ಓದುತ್ತ ಓದುತ್ತ ಹುಬ್ಬು ಮೇಲೇರಿತು. "ಒಂದೇ ಒಲೆಯಲ್ಲಿ ಬೇಯಿಸಿದ ಆಹಾರವನ್ನು ಸೇವಿಸುತ್ತಾರೆ. ಅತ್ತೀ, ಹಾಲ ಉಕ್ಕಾಕತ್ತಾವ ನೋಡ್ರೀ. ಅವರಲ್ಲಿ ಪರಸ್ಪರ ಸಹಕಾರ ಮನೋಭಾವ... ಏನೋ ಇದು?"

ಅಮಿತ ಎದ್ದುನಿಂತ. "ಉದಾಹರಣಾರೀ ಸರ. ಸಹಕಾರಕ್ಕ."

ಪಕ್ಕದ ಮುಧೋಳದ ಹುಡುಗನದ್ದನ್ನು ತೆಗೆದರು. ಹಾಲು ಅಲ್ಲಿಯೂ ಉಕ್ಕಿತ್ತು. ಕೆಳಗೆ "ನಗರಗಳಿಗೆ ವಲಸೆ ಹೋದರು. ಏನ್ರೀ, ಎಳಿ ಹರದೈತಿ, ಮಗ್ಗ ನಿಂದರಸ್ರೀ" ಎಂದು ದುಂಡಗೆ ಬರೆದು ಕೆಳಗೆ ಗೆರೆಯನ್ನೂ ಎಳೆದಿದ್ದ.

"ಇದು?"

"ಕುಟುಂಬ ಒಡದದ್ದಕ್ಕ ಉಪಮಾರಿ ಸರ."

"ಉಪಮಾ ಛಲೋ ಅದ" ಎಂದುಬಿಟ್ಟರು ಅನಂತ ಸರ್, ಬಾಯಿತಪ್ಪಿ. ಆಮೇಲೆ ಗಂಟಲು ಸರಿಮಾಡಿಕೊಂಡು ಸಾಲುಸಾಲಾಗಿ ನೋಡುತ್ತ ಹೋದರು. ಬೆಂಚು ಬೆಂಚಿನಲ್ಲೂ ಹಾಲು ಉಕ್ಕಿತ್ತು, ಎಳೆ ಹರಿದಿತ್ತು. ಬನಹಟ್ಟಿಯ ಹುಡುಗ ಒಬ್ಬನಿದ್ದರೂ ಇದು ಮಗ್ಗದ ಮನೆಯ ಮಾತೆಂದು ಬಿಡುತ್ತಿದ್ದ. ಇವರೆಲ್ಲ ಹೊಲಮನೆಯ ಮಕ್ಕಳು. ಪರೀಕ್ಷೆಯಲ್ಲಿ ತಿಳಿಯದ ಮಾತು ಬಂದರೆ ಅದೇ ಮುಖ್ಯವಾದದ್ದು ಎಂಬುದು ಅವರ ಇಷ್ಟು ವರ್ಷದ ಅನುಭವ.

ಕೊನೆಗೆ ಶೇವಂತಿಯ ಪತ್ರಿಕೆ ತೆಗೆದರು. ಅದರಲ್ಲಿ ಹಾಲೂ ಇಲ್ಲ, ಎಳೆಯೂ ಇಲ್ಲ. ಗೈಡಿನಲ್ಲಿದ್ದಷ್ಟು ಅಚ್ಚುಕಟ್ಟು.

"ಬಾಯಿಲೆ ಹೇಳಿದ್ದು ನೀವು. ನಿಮ್ಮ ಪೇಪರಿನ್ಯಾಗs ಯಾಕ ಇಲ್ಲ?"

"ಅದು ಬಾಯಿಗಷ್ಟs ಬರ್ತೈತ್ರಿ ಸರ. ಮಗ್ಗದ ಮುಂದ ಓದೇನಿ. ಕೈ ತಾನs ಬಿಡ್ತೈತಿ." ಆಕೆಯ ಧ್ವನಿ ಮೊದಲ ಸಲ ಇಳಿಯಿತು. ಬೀಳಗಿಯ ಹಳೆಯ ಧ್ವನಿ ಎಲ್ಲಿತ್ತೋ ಬಂತು. "ಕಡೀ ಅವಕಾಶ ಐತ್ರಿ ನನಗ. ಇದು ಹೋದ್ರ ಎಲ್ಲಾ ಹೋತ್ರಿ. ನಾ ಯಾರಿಗೂ ಹೇಳಿಕೊಟ್ಟಿಲ್ರಿ. ಇವರು ಯಾರಂತ ಸುದ್ದಾ ನನಗ ಗೊತ್ತಿಲ್ಲ."

"ಹೌದ್ರೀ ಸರ. ಕಾಕು ನಮ್ಮ ಮಾತs ಕೇಳೂದಿಲ್ರಿ. ಸಾವಕಾಶ ಹೇಳ್ರಿ ಅಂದ್ರೂ ಹೇಳ್ಲಿಲ್ಲ" ಎಂದು ಅಮಿತ ಆಕೆಯ ಪರವಾಗಿ ಸಾಕ್ಷಿ ನುಡಿದ. ತನ್ನ ಕುತ್ತಿಗೆಗೆ ತಾನೇ ಉರುಲು ಹಾಕಿಕೊಳ್ಳುತ್ತಿದ್ದೇನೆಂದು ಅವನಿಗೆ ಹೊಳೆಯಲಿಲ್ಲ. ಹೊಳೆಯುವಂತಿದ್ದರೆ ರಿಪೀಟರ್ ಹಾಲಿನಲ್ಲಿ ಯಾಕಿರುತ್ತಿದ್ದ.

ಅನಂತ ಸರ್ ನಕಲಿನ ವರದಿಯ ನಮೂನೆ ಬಿಚ್ಚಿದರು. ಚೀಟಿ ಇಟ್ಟುಕೊಂಡದ್ದು, ಮೊಬೈಲು ಇಟ್ಟುಕೊಂಡದ್ದು, ಅಂಗೈ ಮೇಲೆ ಬರೆದುಕೊಂಡದ್ದು, ಪಕ್ಕದವರದ್ದು ನೋಡಿದ್ದು, ಎಲ್ಲಕ್ಕೂ ಜಾಗವಿತ್ತು. ಕಿವಿಯಿಂದ ನಕಲು ಮಾಡಿದ್ದಕ್ಕೆ ಜಾಗವಿರಲಿಲ್ಲ. "ಇತರೆ" ಎಂಬಲ್ಲಿ ಬರೆಯಬಹುದಿತ್ತು, ಆದರೆ ಹಾಲಿನಲ್ಲಿದ್ದವರೆಲ್ಲರ ಮೇಲೂ ಬರೆಯಬೇಕು, ಪ್ರತಿಯೊಂದರಲ್ಲೂ ಹಾಲು ಉಕ್ಕಿದ್ದನ್ನು ವಿವರಿಸಬೇಕು. ಅಷ್ಟು ದೊಡ್ಡ ಪ್ರಬಂಧ ಅವರು ಬಹಳ ವರ್ಷದಿಂದ ಬರೆದಿರಲಿಲ್ಲ. ಅದೂ ಅಲ್ಲದೆ ಪ್ರಾಚಾರ್ಯರ ಕೋಣೆಯಲ್ಲಿ ಸ್ಕ್ವಾಡಿಗೆಂದು ಎಣ್ಣೆಗಾಯಿ ಪಲ್ಯ, ಶೇಂಗಾ ಹೋಳಿಗೆ ಬಂದು ಕೂತು ಆರುತ್ತಿದ್ದವು.

"ಈ ಬಾಯಾರನ್ನ ಬ್ಯಾರೆ ಖೋಲಿಗೆ ಕರಕೊಂಡ ಹೋಗ್ರಿ" ಎಂದು ಕೇತಕಿ ಮೇಡಂಗೆ ಹೇಳಿದರು. ಹಾಲಿಗೆ ಸ್ಕ್ವಾಡಿನ ಇನ್ನೊಬ್ಬರನ್ನು ಕಾವಲು ನಿಲ್ಲಿಸಿ, ಹುಡುಗರತ್ತ ತಿರುಗಿ, "ನೀವು ಆ ಹಾಲು, ಎಳಿ ಎಲ್ಲಾ ನಿಮ್ಮದs ಅಂತೀರಲ್ಲ. ಹಂಗಾರ ಇನ್ನ ಮುಂದಿಂದೂ ನಿಮ್ಮದs ಬರೀರಿ" ಎಂದರು.

ಶೇವಂತಿ ಬಾಗಿಲು ದಾಟುತ್ತಿದ್ದ ಹಾಗೆ ಹಿಂದೆ ಪೆನ್ನುಗಳು ಒಂದೊಂದಾಗಿ ನಿಂತವು. ಅವಿಭಕ್ತ ಕುಟುಂಬ ಅಲ್ಲಿ ಅರ್ಧ ಒಡೆದು ನಿಂತಿತು, ಪೂರಾ ಒಡೆಯುವವರಿಲ್ಲದೆ.

ಬೇರೆ ಖೋಲಿ ಎಂದರೆ ಮೆಟ್ಟಿಲ ಕೆಳಗಿನ ಕೋಣೆ, ಮುರಿದ ಬೆಂಚು ಒಟ್ಟುವ ಜಾಗ. ಬಾಗಿಲಲ್ಲಿ ಕೇತಕಿ ಮೇಡಂ ಕುರ್ಚಿ ಹಾಕಿಕೊಂಡು, ಈ ಸಲ ಹತ್ತಿರದಿಂದ, ನೋಡುತ್ತ ಕೂತರು. ಮೊದಲನೆಯದರ ಬಾಲ, ಅದರ ಮೇಲೆ ಇನ್ನೂ ಎರಡು ಪ್ರಬಂಧ ಉಳಿದಿದ್ದವು. ಶೇವಂತಿ ಹೆದರಿ ಕಾಲು ಅಲುಗಿಸಲಿಲ್ಲ, ತುಟಿ ಬಿಚ್ಚಲಿಲ್ಲ. ಮತ್ತೆ ತಲೆಯೊಳಗೆ ಕತ್ತಲೆ. ಹೊತ್ತು ಹೋಗುತ್ತಿತ್ತು. ಎದುರಿಗೆ ಬಿಳಿ ಹಾಳೆ, ಅಂಗನವಾಡಿಯ ಗೋಡೆಗೆ ಹೊಸದಾಗಿ ಸುಣ್ಣ ಹೊಡೆದ ಹಾಗೆ.

ಆ ಹೊತ್ತಿಗೆ ಕಾಲೇಜಿನ ಜವಾನ ಕರೆಪ್ಪ ಒಳಗೆ ಬಂದ. ನೀರೆತ್ತುವ ಮೋಟಾರು ಇದ್ದದ್ದು ಅದೇ ಕೋಣೆಯ ಮೂಲೆಯಲ್ಲಿ. ಕರೆಪ್ಪನದು ಚಿಕ್ಕಪಡಸಲಗಿ. ಆ ಊರ ಕಡೆಯ ರೈತರು ಸೇರಿ ಕೃಷ್ಣಾ ನದಿಗೇ ಅಡ್ಡ ಬ್ಯಾರೇಜು ಕಟ್ಟಿ ನೀರು ನಿಲ್ಲಿಸಿದ ಗಟ್ಟಿಗರು. ಈತನಿಗೆ ಮಾತ್ರ ಒಂದು ಟಾಕಿ ನೀರು ನಿಲ್ಲಿಸಲು ಆಗುವುದಿಲ್ಲ. ಮೋಟಾರು ಹಾಕುತ್ತಾನೆ, ಚಹಾಕ್ಕೆ ಹೋಗುತ್ತಾನೆ, ಟಾಕಿ ತುಂಬಿ ಚೆಲ್ಲಿ ಪ್ರಾಚಾರ್ಯರು ಅವನ ಹೆಸರು ಹಿಡಿದು ಕೂಗಿದ ಮೇಲೆ ಬರುತ್ತಾನೆ. ಮೋಟಾರಿನ ಬೇರಿಂಗು ಹೋಗಿ ಬಹಳ ದಿನವಾಗಿತ್ತು, ರಿಪೇರಿಯ ಅರ್ಜಿಗಳೆಲ್ಲ ಪ್ರಾಚಾರ್ಯರ ಮೇಜಿನ ಮೇಲೆ ಕ್ಷೇಮವಾಗಿದ್ದವು. ಕರೆಪ್ಪ ಗುಂಡಿ ಒತ್ತಿದ. ಮೋಟಾರು ಒಮ್ಮೆ ನರಳಿ, ನಡುಗಿ, ಆಮೇಲೆ ಹದಕ್ಕೆ ಬಂತು.

ಖಟ್‌ಪಟ್. ಖಟ್‌ಪಟ್. ಖಟ್‌ಪಟ್.

ಶೇವಂತಿಯ ಬೆನ್ನು ನೆಟ್ಟಗಾಯಿತು.

"ಅಣ್ಣಾರ, ಎಷ್ಟೊತ್ತ ನಡೀತೈತಿ ಇದು?" ಎಂದು ಕೇಳಿದಳು.

"ಟಾಕಿ ತುಂಬೂತನ ರೀ" ಎಂದು ಕರೆಪ್ಪ ಚಹಾಕ್ಕೆ ಹೋದ.

ಬಾಯಿ ಬಿಚ್ಚಿತು. ಈಗ ಕೂಗಿದರೂ ಚಿಂತೆಯಿಲ್ಲ, ಎದುರಿಗೆ ಕೂತ ಮೇಡಂಗೇ ಕೇಳಿಸದು. ಕೇತಕಿ ಮೇಡಂ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಕೂತರು. ಅವಿಭಕ್ತ ಕುಟುಂಬ ಪೂರಾ ಒಡೆಯಿತು, ಜಾತಿ ವ್ಯವಸ್ಥೆಯ ಲಕ್ಷಣಗಳು ಬಂದವು, ಗ್ರಾಮೀಣ ಸಮುದಾಯದ ಸಮಸ್ಯೆಗಳು ಬಂದವು. ನಡುನಡುವೆ ಗಂಡನಿಗೆ ಚಹಾ ಆಯಿತೆಂದು ಕೂಗಿದಳು, ಅತ್ತೆಗೆ ಗುಳಿಗೆ ತೆಗೆದುಕೊಳ್ಳಿ ಎಂದಳು, ಯಾರದೋ ಕೂಸಿನ ಮೂಗು ಒರೆಸಲು ಹೇಳಿದಳು. ಕೈ ಎಲ್ಲವನ್ನೂ ಬಿಟ್ಟು ಬಿಟ್ಟು ಬರೆಯುತ್ತ ಹೋಯಿತು. ಒಂದೇ ಹೆದರಿಕೆ: ಟಾಕಿ ತುಂಬೀತು, ಯಾರಾದರೂ ಬಂದು ಗುಂಡಿ ಒತ್ತಿಯಾರು, ಉಪಸಂಹಾರ ಉಳಿದೀತು.

ಟಾಕಿ ತುಂಬಿತು. ತುಂಬಿ ಚೆಲ್ಲಿತು. ಪ್ರಾಚಾರ್ಯರ ಕೋಣೆಯ ಕಿಟಕಿಯ ಮುಂದೆ ನೀರು ಧಾರೆಯಾಗಿ ಸುರಿಯಿತು. ಒಳಗೆ ಹೋಳಿಗೆ ಮುರಿಯುತ್ತಿದ್ದ ಅನಂತ ಸರ್, "ಅರೇ ದೇವಾ, ಮಳಿ ಬಂತಲ್ಲ!" ಎಂದು ಎದ್ದು ಹೋಗಿ ಬಿಸಿಲು ನೋಡಿ ಬಂದರು. ಪ್ರಾಚಾರ್ಯರು "ಕರೆಪ್ಪಾ! ಏ ಕರೆಪ್ಪಾ!" ಎಂದು ಜಗಲಿಯಲ್ಲಿ ಕೂಗುತ್ತಿದ್ದರು. ಕರೆಪ್ಪ ಎಂದಿನಂತೆ ತನ್ನ ಕರ್ತವ್ಯ ಮಾಡುತ್ತಿದ್ದ, ಅಂದರೆ ಇರಲಿಲ್ಲ. ಕೇತಕಿ ಮೇಡಂ ಬೇಕಾದರೆ ಎದ್ದು ಗುಂಡಿ ಒತ್ತಬಹುದಿತ್ತು. ಕಿವಿಯಲ್ಲಿ ಬೆರಳಿದ್ದುದರಿಂದ ಅವರಿಗೆ ಪ್ರಾಚಾರ್ಯರು ಕೇಳಿಸಲಿಲ್ಲ.

ಗಂಟೆ ಹೊಡೆಯುವ ಹೊತ್ತಿಗೆ ಕರೆಪ್ಪ ಮೀಸೆ ಒರೆಸುತ್ತ ಬಂದು ಮೋಟಾರು ನಿಲ್ಲಿಸಿದ. "ಹೀಗೆ ಗ್ರಾಮೀಣ ಸಮುದಾಯವು ಭಾರತೀಯ ಸಮಾಜದ ಬೆನ್ನೆಲುಬಾಗಿದೆ" ಎಂಬ ಕೊನೆಯ ಸಾಲಿನ ಚುಕ್ಕೆ ಆಗಷ್ಟೇ ಬಿದ್ದಿತ್ತು.

ಫಲಿತಾಂಶ ಬಂದಾಗ ಮಳೆಗಾಲ. ಅನುರಾಧಾ ಮೊಬೈಲಿನಲ್ಲಿ ನಂಬರು ಒತ್ತಿ ನೋಡಿ ಚೀರಿದಳು. ಆ ಚೀರಾಟ ಮಗ್ಗದ ಸಪ್ಪಳವನ್ನು ಮೀರಿ ಕೇಳಿಸಿತು. ಗಂಟಲು ವಂಶಕ್ಕೆ ಇಳಿದಿದೆ ಎಂದು ಅಂದೇ ಖಾತ್ರಿಯಾದದ್ದು. ಶೇವಂತಿ ಪಾಸಾಗಿದ್ದಳು. ವೀರಣ್ಣ ಆ ಮನೆಯಲ್ಲಿ ಯಾರೂ ಕಾಣದ ಕೆಲಸ ಮಾಡಿದ: ಎಳೆ ಹರಿಯದಿದ್ದರೂ ಮಗ್ಗಗಳನ್ನೆಲ್ಲ ನಿಲ್ಲಿಸಿ, ಪೇಢೆ ತರಲು ಪೇಟೆಗೆ ಹೋದ. ಮೇಲ್ವಿಚಾರಕಿ ಹುದ್ದೆಯ ಅರ್ಜಿ ಮರುದಿನವೇ ಹೋಯಿತು. ಅದು ಈಗ ಬಾಗಲಕೋಟೆಯ ಯಾವುದೋ ಮೇಜಿನ ಮೇಲೆ ಇದೆ. ಇರಲಿ, ಇಷ್ಟು ವರ್ಷ ಕಾದವಳಿಗೆ ಒಂದು ಮೇಜು ಯಾವ ಲೆಕ್ಕ.

ಫಲಿತಾಂಶದ ದಿನ ಪೇಢೆ ಬಾಯಲ್ಲಿರುವಾಗಲೇ ಬೀಳಗಿಯಿಂದ ಅಮಿತನ ಫೋನು ಬಂತು. ನಂಬರನ್ನು ಗೇಟಿನಲ್ಲಿ ವೀರಣ್ಣನಿಂದ ಇಸಿದುಕೊಂಡಿದ್ದನಂತೆ.

"ಕಾಕೂ, ಪಾಸಾದ್ನಿರೀ! ನಿಮಗಿಂತಾ ಜಾಸ್ತಿ ಬಿದ್ದಾವ ನನಗ. ಉದಾಹರಣಾ ಕೂಡಿಬಂತ ನೋಡ್ರಿ!"

ಬರೆದದ್ದು ಅರ್ಧ ಪ್ರಬಂಧ, ಅದೂ ಕದ್ದದ್ದು, ಅದರಲ್ಲೂ ಹಾಲು ಉಕ್ಕಿದ್ದು. ಉಳಿದ ಪ್ರಶ್ನೆಗಳಿಗೂ ಅದನ್ನೇ ಉಕ್ಕಿಸಿದ್ದನೋ ಏನೋ. ಪೇಪರು ನೋಡಿದ ಪುಣ್ಯಾತ್ಮ ಯಾರೋ, ಅವರ ಮನೆಯಲ್ಲಿಯೂ ಹಾಲು ಉಕ್ಕುತ್ತಿರಬೇಕು. ಶೇವಂತಿ ಫೋನು ಇಟ್ಟಳು. ಮಗ್ಗ ನಿಂತಿದ್ದರಿಂದ ರುಕ್ಮವ್ವನಿಗೆ ಫೋನಿನೊಳಗಿನ ಮಾತೂ ಸಲೀಸಾಗಿ ಕೇಳಿಸಿತ್ತು.

"ಹಾಲಿನ ಮಾತ ಬರದಾಂವಗ ಜಾಸ್ತಿ ಬಿದ್ದಾವು" ಎಂದಳು ಮುದುಕಿ, ಪೇಢೆಯ ಚೂರನ್ನು ಬೊಚ್ಚುಬಾಯಲ್ಲಿ ಅತ್ತಿತ್ತ ಸರಿಸುತ್ತ. "ನೀ ಏನ್ ಬರದಿ? ಅತ್ತಿ ಜಗಳ ಬರದಿ. ನನ್ನ ಒಲಿ ಬಿಟ್ಟಿ, ನನ್ನ ಹಾಲ ಬಿಟ್ಟಿ, ಬರೇ ಜಗಳ ಬರದಿ. ಹೆಂಗ ಬೀಳಬೇಕ ಮಾರ್ಕ್ಸು?"

ಅನುರಾಧಾ ನಗು ತಡೆಯಲು ಮಗ್ಗದ ಹಿಂದೆ ಹೋದಳು. ಶೇವಂತಿ ಅತ್ತೆಯ ತಟ್ಟೆಗೆ ಇನ್ನೊಂದು ಪೇಢೆ ಹಾಕಿದಳು. ಡಿಗ್ರಿ ಮುಗಿಸಿದವಳು, ಎದುರಾಡಬಾರದೆಂದು ಉತ್ತರವನ್ನು ಮನಸ್ಸಿನಲ್ಲೇ ಹೇಳಿಕೊಂಡಳು.

ಓಣಿಗೆಲ್ಲ ಕೇಳಿಸಿತು.